ಜಪಾನಿನ ಹೈಸ್ಕೂಲು ತರಗತಿಯಲ್ಲಿ ಇಂಗ್ಲಿಷ್ ಮಾತಾಡಿಸುವ ಬಗೆ: ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಜಪಾನಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠಕ್ಕೆ ನಿಂತ ಹೊಸ ಶಿಕ್ಷಕರಿಗೆ ಮೊದಲು ಎದುರಾಗುವುದು ಮೌನ. ನಲವತ್ತು ಮಕ್ಕಳ ಮುಂದೆ ಒಂದು ಸರಳ ಪ್ರಶ್ನೆ ಕೇಳಿ, ನಡುಸಾಲಿನ ಹುಡುಗಿಯೊಬ್ಬಳ ಹೆಸರು ಕರೆದು ನೋಡಿ. ಅವಳು ಎದ್ದು ನಿಲ್ಲುತ್ತಾಳೆ, ಪಕ್ಕದವಳತ್ತ ಬಾಗಿ ಪಿಸುಮಾತಿನಲ್ಲಿ ಏನನ್ನೋ ಕೇಳಿಕೊಳ್ಳುತ್ತಾಳೆ, 'ಎಟ್ಟೊ...' ಎಂದು ಸ್ವಲ್ಪ ಹೊತ್ತು ಎಳೆಯುತ್ತಾಳೆ, ಕೊನೆಗೆ ತಲೆ ತಗ್ಗಿಸಿ ಸುಮ್ಮನಾಗುತ್ತಾಳೆ. ಅದೇ ಪ್ರಶ್ನೆಯನ್ನು ಕಾಗದದ ಮೇಲೆ ಕೊಟ್ಟರೆ ಅವಳೇ ಮೂರು ತಪ್ಪಿಲ್ಲದ ವಾಕ್ಯಗಳನ್ನು ಬರೆದುಕೊಡುತ್ತಾಳೆ. ಮೊದಲ ಕೆಲವು ವಾರ ಈ ಮೌನವನ್ನು ನಾನು ನಿರಾಸಕ್ತಿ ಎಂದು ತಿಳಿದಿದ್ದೆ. ಪಕ್ಕದವಳತ್ತ ಆ ಬಾಗುವಿಕೆಯನ್ನು ಗಮನಿಸಿದ ಮೇಲೆಯೇ ನನಗೆ ವಿಷಯ ಅರ್ಥವಾದದ್ದು. ಅವಳಿಗೆ ಉತ್ತರ ಗೊತ್ತಿತ್ತು. ಎಲ್ಲರೆದುರು ಅದನ್ನು ಹೇಳುವ ಮುನ್ನ ಯಾರಾದರೊಬ್ಬರ ಜೊತೆ ಸರಿನೋಡಿಕೊಳ್ಳಲು ಅವಕಾಶ ಇರಲಿಲ್ಲ, ಅಷ್ಟೇ.

ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಆ ಅವಕಾಶವನ್ನು ಪಾಠದೊಳಗೇ ಹೆಣೆಯುವ ಬಗೆಗಳು. ಸಹಾಯಕ ಭಾಷಾ ಶಿಕ್ಷಕರಾಗಿ ಜಪಾನಿಗೆ ಹೊರಟಿರುವ ಅಥವಾ ಈಗಾಗಲೇ ಅಲ್ಲಿ ಪಾಠ ಮಾಡುತ್ತಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲು ಅಲ್ಲಿನ ನೆಲ ತಿಳಿಯಿರಿ

ಜಪಾನಿನ 'ಕೋಕೋ', ಅಂದರೆ ಹೈಸ್ಕೂಲು, ಮೂರು ವರ್ಷದ ಶಿಕ್ಷಣ. ಹದಿನೈದರಿಂದ ಹದಿನೆಂಟರ ವಯಸ್ಸಿನ ಮಕ್ಕಳು ಅಲ್ಲಿರುವುದರಿಂದ, ನಮ್ಮ ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸೇರಿಸಿ ಊಹಿಸಿಕೊಂಡರೆ ಸರಿಹೋಗುತ್ತದೆ. ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಒಂದು ಅವಧಿ ಸಾಮಾನ್ಯವಾಗಿ 50 ನಿಮಿಷದ್ದು. ಸಂಜೆ ಮಕ್ಕಳು 'ಬುಕಾತ್ಸು' ಎಂಬ ಕ್ಲಬ್ ಚಟುವಟಿಕೆಗಳಲ್ಲಿರುತ್ತಾರೆ, ಹಲವರು ಅದು ಮುಗಿದ ಮೇಲೆ 'ಜುಕು' ಎಂಬ ಖಾಸಗಿ ಟ್ಯೂಷನ್ನಿಗೆ ಹೋಗುತ್ತಾರೆ. ಹೀಗಾಗಿ ಮನೆಗೆಲಸ ಹೇರಿ ಇಂಗ್ಲಿಷ್ ಕಲಿಸುವ ಯೋಜನೆ ಅಲ್ಲಿ ನಡೆಯದು. ಆಗಬೇಕಾದದ್ದೆಲ್ಲ ಆ 50 ನಿಮಿಷದಲ್ಲೇ ಆಗಬೇಕು.

ಪಠ್ಯಕ್ರಮ ನಿಮ್ಮ ಪರವಾಗಿದೆ ಎಂಬುದನ್ನೂ ತಿಳಿದಿರಿ. ಹೈಸ್ಕೂಲಿನ ಇಂಗ್ಲಿಷ್ ಪಾಠ ಮೂಲತಃ ಇಂಗ್ಲಿಷಿನಲ್ಲೇ ನಡೆಯಬೇಕೆಂಬ ನಿಯಮ 2013ರಿಂದಲೇ ಜಾರಿಯಲ್ಲಿದೆ. 2022ರ ಏಪ್ರಿಲ್‌ನಿಂದ ಹಂತಹಂತವಾಗಿ ಬಂದ ಹೊಸ ಪಠ್ಯಕ್ರಮದಲ್ಲಿ 'ಇಂಗ್ಲಿಷ್ ಕಮ್ಯುನಿಕೇಶನ್' ಜೊತೆಗೆ 'ತರ್ಕ ಮತ್ತು ಅಭಿವ್ಯಕ್ತಿ' ಎಂಬ ವಿಷಯವೂ ಸೇರಿತು. ಆಲಿಸುವುದು, ಓದುವುದು, ಬರೆಯುವುದರ ಜೊತೆಗೆ ಮಾತನ್ನು ಎರಡು ಭಾಗ ಮಾಡಿ, ಪರಸ್ಪರ ಸಂಭಾಷಣೆ ಬೇರೆ, ನಿಂತು ವಿಷಯ ಮಂಡಿಸುವುದು ಬೇರೆ ಎಂದು ಅದು ಗುರುತಿಸುತ್ತದೆ. ಸ್ವಪ್ರೇರಿತ, ಸಂವಾದಾತ್ಮಕ, ಆಳವಾದ ಕಲಿಕೆ ಎಂಬುದೇ ಅದರ ಘೋಷವಾಕ್ಯ. ಆದರೂ ತರಗತಿಯ ಬಾಗಿಲು ಮುಚ್ಚಿದ ಮೇಲೆ ಎಷ್ಟೋ ಕಡೆ 'ಯಾಕುದೊಕು', ಅಂದರೆ ಸಾಲುಸಾಲಾಗಿ ಜಪಾನಿ ಭಾಷೆಗೆ ಅನುವಾದಿಸುತ್ತಾ ಓದುವ ಹಳೆಯ ಪದ್ಧತಿ, ಮುಂದುವರಿಯುತ್ತಲೇ ಇದೆ. ಶಿಕ್ಷಕರ ಸೋಮಾರಿತನ ಇದಕ್ಕೆ ಕಾರಣವಲ್ಲ. ದೊಡ್ಡ ತರಗತಿ, ಮುಗಿಸಲೇಬೇಕಾದ ಪುಸ್ತಕ, ಮೂರನೇ ವರ್ಷದ ಜನವರಿಯಲ್ಲಿ ಕಾದಿರುವ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ, ಇವು ಮೂರೂ ಸೇರಿ ಅವರನ್ನು ಆ ದಾರಿಗೆ ತಳ್ಳುತ್ತವೆ.

ಜೊತೆ ಶಿಕ್ಷಕರೊಂದಿಗೆ ಹತ್ತು ನಿಮಿಷ

ಸರ್ಕಾರದ 'ಜೆಟ್' ಯೋಜನೆ 1987ರಲ್ಲಿ ಆರಂಭವಾದಾಗಿನಿಂದ ಹೊರದೇಶದ ಸಹಾಯಕ ಶಿಕ್ಷಕರು ಜಪಾನಿ ಇಂಗ್ಲಿಷ್ ಶಿಕ್ಷಕರ ಜೊತೆ ನಿಂತು ಪಾಠ ಮಾಡುವುದು ರೂಢಿಯಾಗಿದೆ. ಈ ಜೋಡಿ ಸರಿಯಾಗಿ ಕೂಡದಿದ್ದರೆ ಸಹಾಯಕ ಶಿಕ್ಷಕರ ಪಾತ್ರ ಪಾಠವನ್ನು ಗಟ್ಟಿಯಾಗಿ ಓದಿ ತೋರಿಸುವ ಟೇಪ್ ರೆಕಾರ್ಡರಿನ ಮಟ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಪ್ರತಿ ಪಾಠಕ್ಕೂ ಮೊದಲು ಹತ್ತು ನಿಮಿಷದ 'ಉಚಿಅವಾಸೆ', ಅಂದರೆ ಪೂರ್ವಸಮಾಲೋಚನೆ, ಕೇಳಿ ಪಡೆಯಿರಿ. ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಅವರನ್ನು ಮನೆಹೆಸರಿಗೆ 'ಸೆನ್ಸೇ', ಅಂದರೆ ಗುರುಗಳು, ಎಂದು ಸೇರಿಸಿ ಕರೆಯಿರಿ. ಬರಿಗೈಯಲ್ಲಿ ಹೋಗಬೇಡಿ, ಒಂದೇ ಹಾಳೆಯ ಯೋಜನೆ ಬರೆದುಕೊಂಡು ಹೋಗಿ, 'ಈ ಪಾಠದ ಯಾವ ವ್ಯಾಕರಣಾಂಶ ಮಕ್ಕಳಿಗೆ ಉಳಿಯಬೇಕು?' ಎಂದು ಕೇಳಿ, ಅವರು ಹೇಳಿದ್ದನ್ನು ಆ ಹಾಳೆಯಲ್ಲೇ ಸೇರಿಸಿ. ನೀವು ತಂದ ಚಟುವಟಿಕೆ ಅವರ ಪಾಠದ ಹೊರೆಯನ್ನು ಇಳಿಸುತ್ತದೆ ಎಂದು ಕಂಡಾಗ ಮುಂದಿನ ವಾರ ಅವರೇ ನಿಮ್ಮ ಮೇಜಿನ ಬಳಿ ಬರುತ್ತಾರೆ.

ತರಗತಿಯೊಳಗೆ ಮಕ್ಕಳಿಗೆ ಮಾದರಿಯಾಗಬೇಕಾದವರು ನಿಮಗಿಂತ ಹೆಚ್ಚಾಗಿ ಆ ಜಪಾನಿ ಶಿಕ್ಷಕರು. ತಮ್ಮಂತೆಯೇ ಜಪಾನಿನಲ್ಲಿ ಹುಟ್ಟಿ ಬೆಳೆದ ಒಬ್ಬರು ಪದಕ್ಕಾಗಿ ತಡಕಾಡುತ್ತಾ, ಮಧ್ಯೆ ನಿಂತು, ಮತ್ತೆ ಹೇಳುತ್ತಾ ನಿಮ್ಮೊಡನೆ ನಿಜವಾಗಿ ಸಂಭಾಷಿಸುವುದನ್ನು ಮಕ್ಕಳು ನೋಡಬೇಕು. ಪ್ರತಿ ಪಾಠದ ಆರಂಭದಲ್ಲಿ ಎರಡು ನಿಮಿಷ ನೀವಿಬ್ಬರೂ ವಾರಾಂತ್ಯದ ಬಗ್ಗೆಯೋ ನಿನ್ನೆಯ ಮಳೆಯ ಬಗ್ಗೆಯೋ ಮಕ್ಕಳೆದುರು ಮಾತಾಡಿ. ನೀವೂ ಇಂಗ್ಲಿಷನ್ನು ಮನೆಯಲ್ಲಿ ಆಡುತ್ತಾ ಬೆಳೆದವರಲ್ಲ, ಶಾಲೆಯಲ್ಲಿ ಕಲಿತವರು ಎಂದಾದರೆ ಅದನ್ನು ಮುಚ್ಚಿಡದೆ ಹೇಳಿ. ಇಂಗ್ಲಿಷ್ ಎಂದರೆ ಅಮೆರಿಕದವರ ಸೊತ್ತು ಎಂದು ನಂಬಿರುವ ಮಗುವಿಗೆ, ಮನೆಯಲ್ಲಿ ಕನ್ನಡ ಆಡಿ ತರಗತಿಯಲ್ಲಿ ಇಂಗ್ಲಿಷ್ ಆಡುವ ನೀವು ಕಣ್ಣೆದುರಿನ ಸಾಕ್ಷಿ.

ಕನ್ನಡ ಬಲ್ಲವರಿಗೆ ಇರುವ ಅನುಕೂಲ

'ವತಾಶಿ ವಾ ಕಿನೋ ಬಾಸು ದೆ ಗಕ್ಕೋ ನಿ ಇಕಿಮಾಶಿತಾ' ಎಂಬ ವಾಕ್ಯವನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ 'ನಾನು ನಿನ್ನೆ ಬಸ್ಸಿನಲ್ಲಿ ಶಾಲೆಗೆ ಹೋದೆ' ಎಂದಾಗುತ್ತದೆ. ಒಂದು ಪದವನ್ನೂ ಸ್ಥಳ ಬದಲಿಸಬೇಕಿಲ್ಲ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಬೆನ್ನಿಗೆ, 'ಬಸ್ಸು' ಎಂಬ ಪದದ ತುದಿಯಲ್ಲಿ ಸ್ವರ, ಎಲ್ಲವೂ ಹೊಂದುತ್ತವೆ. 'ನಾನು ಓದಿದ ಪುಸ್ತಕ' ಎಂದು ನಾವು ವಿವರಣೆಯನ್ನು ಮೊದಲಿಟ್ಟು ಪುಸ್ತಕವನ್ನು ಕೊನೆಗಿಡುವಂತೆ ಜಪಾನೀಯರೂ 'ವತಾಶಿ ಗಾ ಯೊಂದಾ ಹೊನ್' ಎನ್ನುತ್ತಾರೆ. ಇಂಗ್ಲಿಷ್ ಇದಕ್ಕೆ ವಿರುದ್ಧವಾಗಿ ಪುಸ್ತಕವನ್ನು ಮೊದಲಿಟ್ಟು ವಿವರಣೆಯನ್ನು ಅದರ ಹಿಂದೆ ಪೋಣಿಸುತ್ತದೆ. ಅನುವಾದದ ಮೂಲಕ ಓದುವ ಜಪಾನಿ ವಿದ್ಯಾರ್ಥಿಯ ಕಣ್ಣು ಇಂಗ್ಲಿಷ್ ವಾಕ್ಯದ ತುದಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ನಡೆದು ಬರುವುದು ಇದೇ ಕಾರಣಕ್ಕೆ. ಈ ಹಿಂದಡಿ ಎಷ್ಟು ಆಯಾಸದ್ದು ಎಂದು ಇಂಗ್ಲಿಷ್ ಮನೆಮಾತಿನ ಶಿಕ್ಷಕರಿಗೆ ತಿಳಿಯುವುದು ಕಷ್ಟ. ಕನ್ನಡಿಗರು ಅದನ್ನು ಬಾಲ್ಯದಲ್ಲಿ ತಾವೇ ಅನುಭವಿಸಿರುತ್ತಾರೆ.

ಪರಿಹಾರ ಸರಳವಾದದ್ದು, ಜಪಾನಿನ ಶಾಲೆಗಳಲ್ಲಿ ಪರಿಚಿತವೂ ಆದದ್ದು: 'ಸ್ಲ್ಯಾಶ್ ರೀಡಿಂಗ್'. ಪಾಠದ ಒಂದು ಪರಿಚ್ಛೇದವನ್ನು ಅರ್ಥದ ತುಣುಕುಗಳಾಗಿ ಓರೆಗೆರೆ ಎಳೆದು ಕೊಡಿ. ಜೋಡಿಯಲ್ಲಿ ಒಬ್ಬರು ಒಂದು ತುಣುಕನ್ನು ಓದಿ ನಿಲ್ಲಲಿ, ಇನ್ನೊಬ್ಬರು 'ಯಾರು?', 'ಎಲ್ಲಿ?', 'ಎಂಥದ್ದು?' ಎಂದು ಇಂಗ್ಲಿಷಿನಲ್ಲೇ ಕೇಳಲಿ. ಆಮೇಲೆ ಮುಂದಿನ ತುಣುಕು ಬರಲಿ. ಎರಡು ಮೂರು ವಾರ ಹೀಗೆ ಮಾಡಿದರೆ ಮುಂದಿನ ತುಣುಕಿನಲ್ಲಿ ಏನು ಬರಬಹುದೆಂದು ಕಾಯುವ ಅಭ್ಯಾಸ ಹುಟ್ಟುತ್ತದೆ. ಆಗ ಕಣ್ಣು ಹಿಂದಕ್ಕೆ ಓಡುವುದು ತಾನಾಗಿ ಕಡಿಮೆಯಾಗುತ್ತದೆ.

ಉಚ್ಚಾರಣೆಯ ವಿಷಯದಲ್ಲಿ ಹೆಚ್ಚು ಸಹನೆ ಬೇಕು. ಬೇಸ್‌ಬಾಲ್ ಆಡುವ ಹುಡುಗನಿಗೆ 'ಸ್ಟ್ರೈಕ್' ಎಂಬ ಪದ ಚೆನ್ನಾಗಿ ಗೊತ್ತು, ಆದರೆ ಅವನ ಬಾಯಲ್ಲಿ ಅದು ಸು-ತೊ-ರಾ-ಇ-ಕು ಎಂದು ಐದು ಮಾತ್ರೆಯ ಪದ. ಅವನನ್ನು ಐದು ಬಾರಿ ಚಪ್ಪಾಳೆ ತಟ್ಟಿಸಿ ಹೇಳಿಸಿ, ಆಮೇಲೆ ಒಂದೇ ಚಪ್ಪಾಳೆಯಲ್ಲಿ ಇಡೀ ಪದವನ್ನು ಹೇಳಲು ಹೇಳಿ. 'ಮಿಲ್ಕ್' ಎಂಬ ಪದದ ಮೂರು ಚಪ್ಪಾಳೆಯ ಮಿ-ರು-ಕುವನ್ನೂ ಹಾಗೆಯೇ ಒಂದಕ್ಕೆ ಇಳಿಸಿ. ವಿವರಣೆಯಿಲ್ಲದೆ ಕೈಯೇ ಪಾಠ ಮಾಡುತ್ತದೆ, ಇಡೀ ತರಗತಿ ಒಟ್ಟಿಗೆ ಮಾಡುವುದರಿಂದ ಯಾರಿಗೂ ಸಂಕೋಚವಾಗುವುದಿಲ್ಲ. ಬೆಳಕಿಗಿರುವ 'ಲೈಟ್', ಬಲಬದಿಗಿರುವ 'ರೈಟ್' ಎಂಬ ಇಂಗ್ಲಿಷ್ ಪದಗಳು ಅವರ ಕಿವಿಗೆ ಒಂದೇ 'ರಾಇತೊ' ಆಗಿ ಕೇಳಿಸುತ್ತವೆ ಎಂದು ಬೇಸರಪಡಬೇಡಿ. ನಮ್ಮ ಹುಲಿಗೂ ಹುಳಿಗೂ ಇರುವ ವ್ಯತ್ಯಾಸ ಎಷ್ಟೋ ಹೊರಗಿನವರಿಗೆ ವರ್ಷಗಟ್ಟಲೆ ಕೇಳಿಸದು.

ಮಾತಿನ ಮೆಟ್ಟಿಲು

ಈ ಮಾರ್ಗದರ್ಶಿಯಲ್ಲಿ ಒಂದನ್ನಷ್ಟೇ ಪಾಲಿಸುವುದಾದರೆ ಈ ಭಾಗವನ್ನು ಪಾಲಿಸಿ. ಯಾವ ಪ್ರಶ್ನೆಯನ್ನೂ ನೇರವಾಗಿ ಇಡೀ ತರಗತಿಗೆ ಎಸೆಯಬೇಡಿ. ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಮೊದಲು ಎರಡು ನಿಮಿಷ ಪೂರ್ಣ ಮೌನ ಕೊಡಿ. ಪ್ರತಿಯೊಬ್ಬರೂ ಪದಗಳನ್ನಷ್ಟೇ ಟಿಪ್ಪಣಿ ಮಾಡಿಕೊಳ್ಳಲಿ. ಇಡೀ ವಾಕ್ಯ ಬರೆದರೆ ಆಮೇಲೆ ಅದನ್ನೇ ಓದುತ್ತಾರೆ, ಹಾಗಾಗಿ ಐದು ಪದಕ್ಕಿಂತ ಹೆಚ್ಚು ಬೇಡ ಎಂದು ಮೊದಲೇ ಹೇಳಿ. ನಂತರ ಪಕ್ಕದವರೊಡನೆ ಜೋಡಿ. ಯಾರು ಮೊದಲು ಮಾತಾಡಬೇಕು ಎಂಬ ಸಣ್ಣ ತೊಡಕಿನಲ್ಲೇ ಜಪಾನಿ ಜೋಡಿಗಳು ಅರ್ಧ ನಿಮಿಷ ಕಳೆಯುತ್ತವೆ. 'ಜಾಂಕೆನ್' ಎಂಬ ಕಲ್ಲು-ಕತ್ತರಿ-ಕಾಗದದ ಆಟ ಅದನ್ನು ಮೂರು ಸೆಕೆಂಡಿನಲ್ಲಿ ಬಗೆಹರಿಸುತ್ತದೆ. ಗೆದ್ದವರು ಒಂದು ನಿಮಿಷ ಮಾತಾಡಲಿ, ಸೋತವರು ಕೇಳಿ ಒಂದು ಪ್ರಶ್ನೆ ಹಾಕಲಿ, ಆಮೇಲೆ ಅದಲುಬದಲು. ಟೈಮರ್ ಎಲ್ಲರಿಗೂ ಕಾಣುವಂತಿರಲಿ.

ಇಲ್ಲಿಗೆ ನಿಲ್ಲಿಸಬೇಡಿ. ಒಂದು ಸಾಲಿನವರು ಒಂದು ಕುರ್ಚಿ ಹಿಂದಕ್ಕೆ ಸರಿದು ಹೊಸ ಜೋಡಿಯಾಗಲಿ, ಅದೇ ವಿಷಯವನ್ನು ಮತ್ತೆ ಹೇಳಲಿ. ಮೂರನೇ ಜೋಡಿಯಲ್ಲಿ ಮತ್ತೊಮ್ಮೆ ಹೇಳಲಿ. ಮೊದಲ ಸುತ್ತಿನಲ್ಲಿ ತೊದಲಿದ ಹುಡುಗ ಮೂರನೇ ಸುತ್ತಿಗೆ ಟಿಪ್ಪಣಿ ನೋಡದೆ ಮಾತಾಡುವುದನ್ನು ನೀವು ಕಣ್ಣಾರೆ ಕಾಣುತ್ತೀರಿ. ಹೊಸ ವಿಷಯ ಕೊಡುವುದಕ್ಕಿಂತ ಹೊಸ ಕೇಳುಗರನ್ನು ಕೊಡುವುದು ಹೆಚ್ಚು ಫಲಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಳಿಕ ನಾಲ್ವರ ಗುಂಪು; ಅಲ್ಲಿ ಪ್ರತಿಯೊಬ್ಬರೂ ತಮ್ಮದನ್ನಲ್ಲ, ತಮ್ಮ ಜೊತೆಗಾರ ಹೇಳಿದ್ದನ್ನು ವರದಿ ಮಾಡಲಿ. ಇನ್ನೊಬ್ಬರ ಅಭಿಪ್ರಾಯ ಹೇಳುವಾಗ ತಪ್ಪಿನ ಭಯ ಅರ್ಧಕ್ಕಿಳಿಯುತ್ತದೆ. ಇಷ್ಟಾದ ಮೇಲೆ, ಕೊನೆಯ ಐದು ನಿಮಿಷದಲ್ಲಿ, ಇಡೀ ತರಗತಿಯೆದುರು ಒಬ್ಬರನ್ನು ಕರೆಯಿರಿ. ಹೆಸರು ಕರೆದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ಹತ್ತು ಸೆಕೆಂಡು ನಮಗೆ ದೀರ್ಘವೆನಿಸಿದರೂ ಆ ಮಗುವಿಗೆ ಅದು ಬೇಕೇ ಬೇಕು.

ಮೌನದಲ್ಲಿ ಸಿಕ್ಕಿಕೊಂಡಾಗ ಕೈಹಿಡಿಯುವ ಮಾತುಗಳನ್ನು ಏಪ್ರಿಲ್‌ನ ಮೊದಲ ವಾರವೇ ಕಲಿಸಿ. 'ಲೆಟ್ ಮಿ ಸೀ', 'ಕುಡ್ ಯೂ ಸೇ ದಟ್ ಅಗೇನ್', 'ಐ ಆಮ್ ನಾಟ್ ಶೂರ್, ಬಟ್' ಮುಂತಾದ ನಾಲ್ಕೈದು ತುಣುಕುಗಳನ್ನು ಗೋಡೆಗೆ ಅಂಟಿಸಿ. 'ಎಟ್ಟೊ' ಬರುವ ಜಾಗದಲ್ಲಿ ಇವು ಬಂದರೆ ಸಂಭಾಷಣೆ ಇಂಗ್ಲಿಷಿನ ದಡದಿಂದ ಜಾರುವುದಿಲ್ಲ. 'ಹೌ ಆರ್ ಯೂ' ಎಂದೊಡನೆ ನಲವತ್ತು ಕಂಠಗಳಿಂದ ಒಂದೇ ರಾಗದಲ್ಲಿ ಹೊರಡುವ 'ಐ ಆಮ್ ಫೈನ್, ಥ್ಯಾಂಕ್ ಯೂ, ಆ್ಯಂಡ್ ಯೂ?' ಎಂಬ ಸಾಮೂಹಿಕ ಉತ್ತರವನ್ನು ಮಾತ್ರ ಕೈಬಿಡಿ. ಅದರ ಬದಲು ಇಂದು ಬೆಳಿಗ್ಗೆ ಏನು ತಿಂದಿರಿ ಎಂದು ಜೋಡಿಯಲ್ಲಿ ಕೇಳಿಸಿ.

ಪಠ್ಯಪುಸ್ತಕದ ಒಂದು ಪುಟ, ಒಂದು ಅವಧಿ

ಪಠ್ಯಪುಸ್ತಕವನ್ನು ಬದಿಗಿಟ್ಟು ಆಟವಾಡಿಸುವ ಪಾಠ ಮಕ್ಕಳಿಗೆ ಇಷ್ಟವಾಗಬಹುದು, ಆದರೆ ಪರೀಕ್ಷೆ ಹತ್ತಿರವಾದಾಗ ಅದನ್ನು ಮೊದಲು ಕೈಬಿಡುತ್ತಾರೆ. ಪುಸ್ತಕದ ಪುಟವನ್ನೇ ಮಾತಿಗೆ ತಿರುಗಿಸಬೇಕು. ಸಮುದ್ರದ ಪ್ಲಾಸ್ಟಿಕ್ ಬಗ್ಗೆ ಒಂದು ಪಾಠವಿದೆ ಎಂದಿಟ್ಟುಕೊಳ್ಳಿ. ಜಪಾನಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಣ ಪಡೆಯುವುದು 2020ರ ಜುಲೈ 1ರಿಂದ ಕಡ್ಡಾಯವಾಗಿದೆ. ಕ್ಲಬ್ ಮುಗಿಸಿ ಮನೆಗೆ ಹೋಗುವಾಗ ಕನ್ವೀನಿಯನ್ಸ್ ಅಂಗಡಿಯಲ್ಲಿ 'ಚೀಲ ಬೇಕೇ?' ಎಂಬ ಪ್ರಶ್ನೆಯನ್ನು ಪ್ರತಿ ಮಗುವೂ ಎದುರಿಸುತ್ತದೆ.

ಪುಸ್ತಕ ತೆರೆಯುವ ಮೊದಲೇ ಒಂದು ಖಾಲಿ ಚೀಲವನ್ನು ಎತ್ತಿ ಹಿಡಿದು, ನಿನ್ನೆ ಇದನ್ನು ಕೊಂಡಿರಾ, ಏಕೆ, ಎಂದು ಜೋಡಿಯಲ್ಲಿ ಎರಡು ನಿಮಿಷ ಮಾತಾಡಿಸಿ. ಜಪಾನಿ ಶಿಕ್ಷಕರು ಪಾಠದ ಹತ್ತು ಮುಖ್ಯ ಪದಗಳನ್ನು ಚಿತ್ರಗಳ ಜೊತೆ ಪರಿಚಯಿಸಲಿ. ನಂತರ ಪುಸ್ತಕ ಮುಚ್ಚಿದ್ದಾಗಲೇ ನೀವು ಪಾಠದ ಸಾರವನ್ನು ಸರಳ ಇಂಗ್ಲಿಷಿನಲ್ಲಿ ಹೇಳಿ. ಅವರು ಕೇಳಿ ಮೂರು ಚಿತ್ರಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಲಿ. ಆಮೇಲೆ ಪುಸ್ತಕ ತೆರೆಸಿ, ಮೊದಲು ಮೌನವಾಗಿ, ಬಳಿಕ ಓರೆಗೆರೆಯ ತುಣುಕುಗಳಲ್ಲಿ ಜೋಡಿಯಾಗಿ ಓದಿಸಿ. ಈಗ ಅವಧಿಯ ಮುಖ್ಯ ಭಾಗ ಬರುತ್ತದೆ: ಪುಸ್ತಕ ಮುಚ್ಚಿ, ಹಲಗೆಯ ಮೇಲಿನ ಮೂರು ಚಿತ್ರ ಮತ್ತು ಹತ್ತು ಪದಗಳನ್ನಷ್ಟೇ ನೋಡುತ್ತಾ ಪಾಠವನ್ನು ತಮ್ಮ ಮಾತಿನಲ್ಲಿ ಮತ್ತೆ ಹೇಳುವುದು. ಇದನ್ನು ಮೂವರು ಬೇರೆಬೇರೆ ಜೊತೆಗಾರರಿಗೆ ಹೇಳಬೇಕು. ಮೂರನೆಯವರಿಗೆ ಹೇಳುವಾಗ ಕೊನೆಯಲ್ಲಿ ತಮ್ಮದೇ ಒಂದು ಅಭಿಪ್ರಾಯ ಸೇರಿಸಬೇಕು. ಅವಧಿಯ ಕೊನೆಯ ಏಳೆಂಟು ನಿಮಿಷ ಆಡಿದ್ದನ್ನೇ ಬರೆಯಲು ಮೀಸಲಿಡಿ. ಪ್ರತಿಯೊಬ್ಬರೂ ಬರೆದ ಪದಗಳನ್ನು ತಾವೇ ಎಣಿಸಿ ನೋಟುಪುಸ್ತಕದ ಹಿಂಬದಿಯಲ್ಲಿ ದಿನಾಂಕದೊಡನೆ ಗುರುತಿಸಿಕೊಳ್ಳಲಿ. ಏಪ್ರಿಲ್‌ನಲ್ಲಿ ಇಪ್ಪತ್ತು ಪದ ಬರೆದವರು ಮುಂದೆ ಎಷ್ಟಕ್ಕೆ ಏರಿದರೆಂದು ಅವರ ಗೆರೆಯೇ ಅವರಿಗೆ ತೋರಿಸುತ್ತದೆ.

ಇಂಥ ಪಾಠಕ್ಕೆ ವಿಷಯದ ಕೊರತೆಯಿಲ್ಲ. 2022ರ ಏಪ್ರಿಲ್‌ನಲ್ಲಿ ಪ್ರೌಢವಯಸ್ಸು 20ರಿಂದ 18ಕ್ಕೆ ಇಳಿದದ್ದು ಮೂರನೇ ವರ್ಷದ ಪ್ರತಿ ವಿದ್ಯಾರ್ಥಿಯ ಬದುಕಿನ ವಿಷಯ. ಜಪಾನಿನಲ್ಲೇ ಹುಟ್ಟಿದ 'ಇಂಗ್ಲಿಷ್' ಪದಗಳೂ ಒಳ್ಳೆಯ ಸಾಮಗ್ರಿ: ಗೋಡೆಯ ವಿದ್ಯುತ್ ಸಾಕೆಟ್ಟಿಗೆ 'ಕೊನ್ಸೆಂತೊ', ಬಫೆ ಊಟಕ್ಕೆ 'ಬಾಇಕಿಂಗು', ಅಪಾರ್ಟ್‌ಮೆಂಟಿಗೆ 'ಮಾನ್ಶೊನ್' ಎನ್ನುತ್ತಾರೆ. ಇವು ನಿಮಗೆ ನಿಜವಾಗಿಯೂ ಅರ್ಥವಾಗುವುದಿಲ್ಲವಾದ್ದರಿಂದ ಅವರು ನಿಮಗೆ ಇಂಗ್ಲಿಷಿನಲ್ಲಿ ವಿವರಿಸಲೇಬೇಕಾಗುತ್ತದೆ.

ಐದು ಸಾವಿರ ಯೆನ್ ನೋಟನ್ನು ಮೇಜಿನ ಮೇಲಿಟ್ಟೂ ಒಂದು ಪಾಠ ಮಾಡಬಹುದು. 2024ರ ಜುಲೈನಲ್ಲಿ ಚಲಾವಣೆಗೆ ಬಂದ ಆ ನೋಟಿನ ಮೇಲಿರುವ ತ್ಸುದಾ ಉಮೆಕೊ 1871ರಲ್ಲಿ ಆರು ವರ್ಷದ ಬಾಲಕಿಯಾಗಿ ಅಮೆರಿಕಕ್ಕೆ ಹಡಗು ಹತ್ತಿದವರು. ಮರಳಿ ಬಂದಾಗ ತಾಯ್ನುಡಿಯೇ ಮರೆತುಹೋಗಿತ್ತು, ಮತ್ತೆ ಕಲಿಯಬೇಕಾಯಿತು. 1900ರಲ್ಲಿ ಹೆಣ್ಣುಮಕ್ಕಳಿಗಾಗಿ ಇಂಗ್ಲಿಷ್ ಕಲಿಸುವ ಶಾಲೆಯನ್ನು ಅವರು ತೆರೆದರು. ಎರಡು ಭಾಷೆಗಳ ನಡುವೆ ತಡವರಿಸಿದವರ ಮುಖವನ್ನು ದೇಶ ತನ್ನ ನೋಟಿನ ಮೇಲೆ ಅಚ್ಚು ಹಾಕಿದೆ ಎಂಬುದನ್ನು ಹದಿನಾರರ ಮಕ್ಕಳು ಬಹಳ ಗಮನವಿಟ್ಟು ಕೇಳುತ್ತಾರೆ.

ತಪ್ಪನ್ನು ತಿದ್ದುವ ಬಗೆ

ಮಾತಿನ ಮಧ್ಯೆ ತಿದ್ದಬೇಡಿ. ಜೋಡಿಗಳ ನಡುವೆ ಓಡಾಡುತ್ತಾ ಕೇಳಿದ ತಪ್ಪುಗಳನ್ನು ನಿಮ್ಮ ಚೀಟಿಯಲ್ಲಿ ಬರೆದುಕೊಂಡು, ಸುತ್ತು ಮುಗಿದ ಮೇಲೆ ಮೂರನ್ನಷ್ಟೇ ಹೆಸರಿಲ್ಲದೆ ಹಲಗೆಗೆ ಹಾಕಿ, ಸರಿಪಡಿಸುವ ಕೆಲಸವನ್ನು ಜೋಡಿಗಳಿಗೇ ಬಿಡಿ. ಆ ಮೂರರ ಜೊತೆ ಒಂದು ಒಳ್ಳೆಯ ವಾಕ್ಯವನ್ನೂ ಬರೆಯಿರಿ. ಕರ್ತೃಪದ ಬಿಟ್ಟುಹೋಗುವುದು ಅಲ್ಲಿ ಬಹಳ ಸಾಮಾನ್ಯ, ಏಕೆಂದರೆ ಜಪಾನಿಯಲ್ಲಿ ಕರ್ತೃವನ್ನು ಸಂದರ್ಭಕ್ಕೆ ಬಿಡುತ್ತಾರೆ. ಹೀಗೆ ಒಂದು ತಪ್ಪಿನ ಕಾರಣ ಅವರ ಭಾಷೆಯಲ್ಲೇ ಇದೆ ಎಂದು ತೋರಿಸಿದಾಗ ತಪ್ಪು ಅವಮಾನವಾಗಿ ಉಳಿಯುವುದಿಲ್ಲ. ಎಲ್ಲರೆದುರು ಒಮ್ಮೆ ತಿದ್ದಿಸಿಕೊಂಡ ವಿದ್ಯಾರ್ಥಿನಿಯೊಬ್ಬಳು ಆ ಇಡೀ ಸತ್ರ, ಅಂದರೆ ಶಾಲಾ ವರ್ಷದ ಆ ಭಾಗ ಮುಗಿಯುವವರೆಗೂ, ನನ್ನ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಆ ತಪ್ಪು ನನ್ನದು.

ಓದಿಗೂ ಇದೇ ಮಾತು ಅನ್ವಯಿಸುತ್ತದೆ. ಜಪಾನಿನಲ್ಲಿ 'ತದೊಕು' ಎಂದು ಕರೆಯುವ ವಿಪುಲ ಓದಿನ ಸೂತ್ರಗಳು ಮೂರು: ನಿಘಂಟು ತೆರೆಯಬೇಡ, ತಿಳಿಯದ್ದನ್ನು ದಾಟಿ ಮುಂದೆ ಹೋಗು, ಬೇಸರವಾದರೆ ಆ ಪುಸ್ತಕ ಬಿಡು. ವಾರಕ್ಕೊಮ್ಮೆ ಹತ್ತು ನಿಮಿಷ ಸುಲಭ ಶ್ರೇಣಿಯ ಪುಸ್ತಕಗಳನ್ನು ಹೀಗೆ ಓದಿಸಿ, ಪರೀಕ್ಷೆ ಮಾತ್ರ ಮಾಡಬೇಡಿ.

ಅಂಕ ಮತ್ತು ಪ್ರವೇಶ ಪರೀಕ್ಷೆ

'ಇದರಿಂದ ಪರೀಕ್ಷೆಗೆ ಏನು ಉಪಯೋಗ?' ಎಂದು ಮಕ್ಕಳು ಕೇಳದಿದ್ದರೂ ಅವರ ಮನಸ್ಸಿನಲ್ಲಿ ಅದೇ ಇರುತ್ತದೆ. ಇದಕ್ಕೆ ಪ್ರಾಮಾಣಿಕ ಉತ್ತರ ನಿಮ್ಮ ಬಳಿ ಇರಬೇಕು. 2021ರ ಜನವರಿಯಿಂದ ನಡೆಯುತ್ತಿರುವ ರಾಷ್ಟ್ರೀಯ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಮಾತಿನ ಪರೀಕ್ಷೆ ಇಲ್ಲ. ಖಾಸಗಿ ಸಂಸ್ಥೆಗಳ ಪರೀಕ್ಷೆಗಳ ಮೂಲಕ ಅದನ್ನು ತರುವ ಯೋಜನೆಯನ್ನು 2019ರ ನವೆಂಬರ್‌ನಲ್ಲಿ ಮುಂದೂಡಿ, ಬಳಿಕ ಕೈಬಿಡಲಾಯಿತು. ಆದರೆ ಅದೇ ಪರೀಕ್ಷೆಯಲ್ಲಿ ಓದಿಗೂ ಆಲಿಸುವಿಕೆಗೂ ತಲಾ 100 ಅಂಕ ನಿಗದಿಯಾಗಿದೆ. ಹಳೆಯ ಪರೀಕ್ಷೆಯಲ್ಲಿ ಆಲಿಸುವಿಕೆಗೆ ಇದ್ದದ್ದು 50, ಲಿಖಿತ ಭಾಗಕ್ಕೆ 200. ಓದಿನ ಭಾಗದಲ್ಲಿ 80 ನಿಮಿಷದೊಳಗೆ ಐದು ಸಾವಿರಕ್ಕೂ ಹೆಚ್ಚು ಪದಗಳನ್ನು ದಾಟಬೇಕು. ಆಲಿಸುವ ಭಾಗದ ಕೆಲವು ಪ್ರಶ್ನೆಗಳನ್ನು ಒಮ್ಮೆ ಮಾತ್ರ ಕೇಳಿಸುತ್ತಾರೆ. ಹಿಂದಡಿಯಿಟ್ಟು ಅನುವಾದಿಸುವ ಕಣ್ಣಿಗೆ ಆ 80 ನಿಮಿಷ ಸಾಲದು. ಓರೆಗೆರೆಯ ಓದು, ಮರುಕಥನ, ಜೊತೆಗಾರನ ಮಾತನ್ನು ಒಮ್ಮೆಗೇ ಗ್ರಹಿಸುವ ಅಭ್ಯಾಸ, ಇವೆಲ್ಲ ನೇರವಾಗಿ ಅದಕ್ಕೆ ಒದಗುತ್ತವೆ ಎಂದು ಹಳೆಯ ಪ್ರಶ್ನೆಪತ್ರಿಕೆಯನ್ನೇ ತಂದು ತೋರಿಸಿ. ಸಹೋದ್ಯೋಗಿಗಳನ್ನು ಒಪ್ಪಿಸಲೂ ಇದಕ್ಕಿಂತ ಬಲವಾದ ವಾದವಿಲ್ಲ. 1963ರಿಂದ ನಡೆದುಬಂದಿರುವ 'ಎಯ್ಕೆನ್' ಎಂಬ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯ ಮೂರನೇ ದರ್ಜೆ ಮತ್ತು ಮೇಲಿನವುಗಳಲ್ಲಿ ಸಂದರ್ಶನವಿರುವುದರಿಂದ, ಅದಕ್ಕೆ ಕೂರುವ ಮಕ್ಕಳಿಗೆ ಮಾತಿನ ಅಭ್ಯಾಸ ತಕ್ಷಣವೇ ಬೇಕಾಗುತ್ತದೆ.

ಶಾಲೆಯೊಳಗಿನ ಅಂಕದಲ್ಲೂ ಮಾತಿಗೆ ಪಾಲಿರಲಿ. ಸತ್ರಕ್ಕೊಮ್ಮೆ ಇಬ್ಬಿಬ್ಬರು ಎರಡು ನಿಮಿಷ ಸಂಭಾಷಿಸುವ ಪರೀಕ್ಷೆ ಇಡಿ, ಅದರ ವಿಷಯಗಳನ್ನು ಎರಡು ವಾರ ಮೊದಲೇ ತಿಳಿಸಿ, ಅಂಕ ಕೊಡುವ ಮಾನದಂಡವನ್ನು ಅರ್ಧ ಹಾಳೆಯಲ್ಲಿ ಬರೆದು ಹಂಚಿ. ಆ ಮಾನದಂಡದಲ್ಲಿ ಮೊದಲ ಸ್ಥಾನ ಸಂಭಾಷಣೆಯನ್ನು ಮುಂದುವರಿಸಿದ್ದಕ್ಕೆ, ಎರಡನೆಯದು ಅರ್ಥ ತಲುಪಿಸಿದ್ದಕ್ಕೆ, ವ್ಯಾಕರಣ ಅದರ ನಂತರ.

ಮೊದಲ ವರ್ಷದ ಮೊದಲ ಸಂಭಾಷಣಾ ಪರೀಕ್ಷೆಯನ್ನು ಮಕ್ಕಳ ಒಪ್ಪಿಗೆ ಪಡೆದು ಶಾಲೆಯ ಟ್ಯಾಬ್ಲೆಟ್ಟಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಳ್ಳಿ. ಮೂರನೇ ವರ್ಷದ ಡಿಸೆಂಬರಿನಲ್ಲಿ, ಪ್ರವೇಶ ಪರೀಕ್ಷೆಯ ಒತ್ತಡದಲ್ಲಿ ತಾವು ಏನೂ ಕಲಿತಿಲ್ಲ ಎಂದು ಅವರಿಗೆ ಅನಿಸತೊಡಗುವ ಹೊತ್ತಿಗೆ, ಅದನ್ನು ಅವರವರಿಗೆ ಮಾತ್ರ ಕೇಳುವಂತೆ ಹೆಡ್‌ಫೋನಿನಲ್ಲಿ ಕೇಳಿಸಿ. ನಂತರ ಅದೇ ಪ್ರಶ್ನೆಗಳನ್ನು ಕೊಟ್ಟು, ಪಕ್ಕದವರ ಜೊತೆ ಜಾಂಕೆನ್ ಆಡಿ ಮಾತು ಶುರುಮಾಡಲು ಹೇಳಿ.